ಐದು ಕಾರ್ಬನ್, ಮೂರು ಪೆಂಟೇನ್: ಆಲ್ಕೇನ್‌ಗಳ ರಚನಾ ಸಮಾಂಗಿಗಳನ್ನು ಹುಡುಕುವುದು, ಹೆಸರಿಡುವುದು ಹೇಗೆ?

ಬಿಸಿಲು ಏರುತ್ತಿದ್ದಂತೆ ರಾಯಚೂರು, ಬಳ್ಳಾರಿ ಕಡೆ ಫ್ರಿಜ್ ವ್ಯಾಪಾರ ಜೋರಾಗುತ್ತದೆ. ಈಗ ಬರುವ ಬಹಳಷ್ಟು ಫ್ರಿಜ್‌ಗಳ ಮೇಲೆ ‘ಆರ್‌600ಎ’ ಎಂಬ ಚೀಟಿ ಅಂಟಿಸಿರುತ್ತಾರೆ, ಪಕ್ಕದಲ್ಲಿ ಬೆಂಕಿಯ ಗುರುತು. ಏನಿದು ಅಂತ ಮೆಕ್ಯಾನಿಕ್‌ನ ಕೇಳಿದರೆ ‘ಐಸೊಬ್ಯೂಟೇನ್ ಗ್ಯಾಸು, ಬೆಂಕಿ ಹತ್ತುತ್ತೆ, ಹುಷಾರು’ ಅನ್ನುತ್ತಾರೆ. ಅದೇ ಮನೆಯಲ್ಲಿ ಹತ್ತನೇ ತರಗತಿಯ ಮಗಳು ಪೆಂಟೇನ್‌ಗೆ ಎಷ್ಟು ರಚನಾ ಸಮಾಂಗಿಗಳನ್ನು (ಸೂತ್ರ ಒಂದೇ, ಜೋಡಣೆ ಬೇರೆ ಇರುವ ವಸ್ತುಗಳನ್ನು) ಬರೆಯಬಹುದು ಅನ್ನುವ ಪ್ರಶ್ನೆ ಹಿಡಿದು ಕೂತಿರುತ್ತಾಳೆ. ಫ್ರಿಜ್ಜಿನ ಚೀಟಿಗೂ ಆ ಪ್ರಶ್ನೆಗೂ ಬೇರು ಒಂದೇ.

ಹತ್ತನೇ ತರಗತಿಯಲ್ಲಿ ಇದು ಒಂದೆರಡು ಅಂಕದ ಮಾತು. ಪಿಯುಸಿ ಸೈನ್ಸ್‌ಗೆ ಹೋದ ಮೇಲೆ ಮಾತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಿರುಗುಪ್ಪ, ಕುಷ್ಟಗಿ, ಲಿಂಗಸುಗೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಮೊದಲ ವರ್ಷವೇ ‘2,2,4-ಟ್ರೈಮೀಥೈಲ್‌ಪೆಂಟೇನ್’ ಥರದ ಉದ್ದುದ್ದ ಹೆಸರುಗಳು ಎದುರಾಗುತ್ತವೆ. ಬಹಳ ಮಂದಿ ಬಾಯಿಪಾಠ ಮಾಡಲು ಕೂರುತ್ತಾರೆ. ಅದರ ಅಗತ್ಯ ಇಲ್ಲ. ನಿಯಮಗಳು ನಾಲ್ಕೈದೇ. ಸಮಾಂಗಿಗಳನ್ನು ಹುಡುಕುವುದು ಒಂದು ಪಾಠ, ಹೆಸರಿಡುವುದು ಇನ್ನೊಂದು ಪಾಠ ಅಂತ ಬೇರೆ ಬೇರೆ ಕಲಿಯುವುದರಿಂದಲೇ ತೊಡಕು ಶುರುವಾಗುತ್ತದೆ. ಹೆಸರಿಡಲು ಬಂದರೆ ತಾನೇ, ಹುಡುಕಿದ್ದು ಸರಿಯೋ ತಪ್ಪೋ ಗೊತ್ತಾಗುವುದು?

ಮೊದಲು ಆಲ್ಕೇನ್ ಅಂದರೇನು

ಕಾರ್ಬನ್ ಮತ್ತು ಹೈಡ್ರೋಜನ್ ಎರಡೇ ಸೇರಿ ಆದ ವಸ್ತುವನ್ನು ಹೈಡ್ರೋಕಾರ್ಬನ್ ಅನ್ನುತ್ತಾರೆ. ಅದರಲ್ಲಿ ಇರುವುದೆಲ್ಲ ಏಕಬಂಧವೇ ಆಗಿದ್ದು, ಎಲ್ಲೂ ಉಂಗುರ ಇಲ್ಲದಿದ್ದರೆ ಅದು ಆಲ್ಕೇನ್. ಅಡುಗೆ ಸಿಲಿಂಡರಿನಲ್ಲಿ ಮುಖ್ಯವಾಗಿ ಇರುವ ಪ್ರೊಪೇನ್, ಬ್ಯೂಟೇನ್ ಎರಡೂ ಆಲ್ಕೇನ್‌ಗಳೇ.

ನೆನಪಿಡಬೇಕಾದ ಸಂಗತಿ ಎರಡು. ಕಾರ್ಬನ್ ಯಾವಾಗಲೂ 4 ಬಂಧ ಮಾಡುತ್ತದೆ. ಹೈಡ್ರೋಜನ್ ಒಂದೇ ಒಂದು. ಕಾರ್ಬನ್‌ಗಳ ಸಂಖ್ಯೆ ನೋಡಿ ಹೆಸರು: 1 ಇದ್ದರೆ ಮೀಥೇನ್, 2 ಈಥೇನ್, 3 ಪ್ರೊಪೇನ್, 4 ಬ್ಯೂಟೇನ್, 5 ಪೆಂಟೇನ್, 6 ಹೆಕ್ಸೇನ್, 7 ಹೆಪ್ಟೇನ್, 8 ಆಕ್ಟೇನ್, 9 ನೋನೇನ್, 10 ಡೆಕೇನ್. ಬಾಯಿಪಾಠ ಬೇಕಾದದ್ದು ಇಷ್ಟೇ.

ಹೈಡ್ರೋಜನ್ ಎಷ್ಟು? ಕಾರ್ಬನ್ ಸಂಖ್ಯೆಯನ್ನು ಎರಡರಿಂದ ಗುಣಿಸಿ 2 ಕೂಡಿಸಿ ಅಂತ ಪುಸ್ತಕ ಹೇಳುತ್ತದೆ. ಯಾಕೆ ಹಾಗೆ ಅಂತ ಒಮ್ಮೆ ನೋಡಿಬಿಡೋಣ. ಪೆಂಟೇನ್‌ನ 5 ಕಾರ್ಬನ್‌ಗಳಿಗೆ ಒಟ್ಟು 20 ಬಂಧ ಮಾಡುವ ಶಕ್ತಿ ಇದೆ. ಐದೂ ಒಂದಕ್ಕೊಂದು ಅಂಟಿಕೊಂಡಿರಲು ನಡುವೆ 4 ಬಂಧ ಬೇಕು. ಒಂದೊಂದು ಬಂಧಕ್ಕೂ ಎರಡೂ ಕಡೆಯ ಕಾರ್ಬನ್ ಒಂದೊಂದು ಪಾಲು ಕೊಡಬೇಕಲ್ಲ, ಹಾಗಾಗಿ 8 ಖರ್ಚು. ಉಳಿದದ್ದು 12. ಅಷ್ಟಕ್ಕೂ ಹೈಡ್ರೋಜನ್.

ಈ ಲೆಕ್ಕದಲ್ಲಿ ಕಾರ್ಬನ್‌ಗಳು ನೇರ ಸಾಲಿನಲ್ಲಿವೆಯೋ, ಕವಲೊಡೆದಿವೆಯೋ ಅನ್ನುವ ಮಾತೇ ಬರಲಿಲ್ಲ. 5 ಕಾರ್ಬನ್‌ಗಳನ್ನು ಉಂಗುರ ಇಲ್ಲದಂತೆ ಹೇಗೇ ಜೋಡಿಸಿದರೂ ನಡುವಿನ ಬಂಧ ನಾಲ್ಕೇ, ಹೈಡ್ರೋಜನ್ ಹನ್ನೆರಡೇ. ರಚನಾ ಸಮಾಂಗಿಗಳು ಹುಟ್ಟುವುದು ಇಲ್ಲೇ: ಅಣುಸೂತ್ರ ಒಂದೇ, ಯಾವ ಪರಮಾಣು ಯಾವುದಕ್ಕೆ ಅಂಟಿದೆ ಅನ್ನುವುದು ಬೇರೆ. ಸಾಲಿನ ಎರಡು ತುದಿ ಕೂಡಿಸಿ ಉಂಗುರ ಮಾಡಿದರೆ ಇನ್ನೊಂದು ಬಂಧ ಹೆಚ್ಚಾಗಿ ಎರಡು ಹೈಡ್ರೋಜನ್ ಕಡಿಮೆಯಾಗುತ್ತದೆ. ಹಾಗಾಗಿ ಸೈಕ್ಲೋಪೆಂಟೇನ್ ಪೆಂಟೇನ್‌ನ ಸಮಾಂಗಿ ಅಲ್ಲ. ಪರೀಕ್ಷೆಯಲ್ಲಿ ಅದನ್ನೂ ಸೇರಿಸಿ ನಾಲ್ಕು ಅಂತ ಬರೆಯುವವರು ಇರುತ್ತಾರೆ.

ಒಂದೇ ಸೂತ್ರಕ್ಕೆ ಎರಡು ವಸ್ತು ಇರಬಹುದು ಅನ್ನುವುದನ್ನು ವಿಜ್ಞಾನಿಗಳೇ ಮೊದಮೊದಲು ನಂಬಲಿಲ್ಲ. 1820ರ ದಶಕದಲ್ಲಿ ಜರ್ಮನಿಯ ವೋಲರ್ ಮತ್ತು ಲೀಬಿಗ್ ಬೇರೆ ಬೇರೆಯಾಗಿ ಎರಡು ಬೆಳ್ಳಿಯ ಸಂಯುಕ್ತಗಳನ್ನು ಪರೀಕ್ಷಿಸಿದರು. ಘಟಕಗಳ ಪ್ರಮಾಣ ಎರಡರಲ್ಲೂ ಒಂದೇ ಬಂತು. ಆದರೆ ಒಂದು ಸ್ಫೋಟಿಸುತ್ತಿತ್ತು, ಇನ್ನೊಂದು ಸುಮ್ನೆ ಇರುತ್ತಿತ್ತು. ಇಂಥವುಗಳಿಗೆ 1830ರಲ್ಲಿ ‘ಐಸೋಮರ್’ (ನಮ್ಮ ಸಮಾಂಗಿ) ಅಂತ ಹೆಸರು ಕೊಟ್ಟವರು ಸ್ವೀಡನ್ನಿನ ಬರ್ಜೀಲಿಯಸ್. ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಕಾರ್ಬನ್‌ಗೆ ನಾಲ್ಕು ಬಂಧ ಅನ್ನುವ ಕೆಕುಲೆ ಮತ್ತು ಕೂಪರ್ ಅವರ ವಿಚಾರ ಬರಬೇಕಾಯಿತು. ಅದು ಬಂದದ್ದು 1858ರಲ್ಲಿ.

ಪೆಂಟೇನ್ ಮೂರು, ಮೂರಕ್ಕೂ ಬೇರೆ ಬೇರೆ ಗುಣ

5 ಕಾರ್ಬನ್‌ಗಳನ್ನು ಜೋಡಿಸಲು ಇರುವುದು ಮೂರೇ ದಾರಿ. ಐದೂ ಒಂದೇ ಸಾಲಿನಲ್ಲಿ ಇರಬಹುದು. ನಾಲ್ಕರ ಸಾಲು ಮಾಡಿ, ಐದನೆಯದನ್ನು ತುದಿಯಿಂದ ಎರಡನೇ ಕಾರ್ಬನ್‌ಗೆ ಅಂಟಿಸಬಹುದು. ಇಲ್ಲವೇ ಮೂರರ ಸಾಲು ಮಾಡಿ, ನಡುವಿನ ಕಾರ್ಬನ್‌ಗೇ ಉಳಿದ ಎರಡನ್ನೂ ಅಂಟಿಸಬಹುದು. ಹಳೆಯ ರೂಢಿಯಲ್ಲಿ ಇವು ಎನ್-ಪೆಂಟೇನ್, ಐಸೊಪೆಂಟೇನ್, ನಿಯೋಪೆಂಟೇನ್.

ಕಾಗದದ ಮೇಲೆ ಸಣ್ಣ ವ್ಯತ್ಯಾಸದ ಥರ ಕಾಣುತ್ತದೆ. ಕುದಿಯುವ ಬಿಂದು ನೋಡಿ: ಎನ್-ಪೆಂಟೇನ್ 36 ಡಿಗ್ರಿ ಸೆಲ್ಸಿಯಸ್, ಐಸೊಪೆಂಟೇನ್ 28 ಡಿಗ್ರಿ, ನಿಯೋಪೆಂಟೇನ್ 9.5 ಡಿಗ್ರಿ. ಮೂರನ್ನೂ ರಾಯಚೂರಿಗೆ ತಂದು ಮೂರು ಗಾಜಿನ ಬಾಟಲಿಯಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. ಬರೀ ಅಂದುಕೊಳ್ಳಿ ಸಾಕು, ಇವು ಪೆಟ್ರೋಲ್‌ನಂತೆ ಹೊತ್ತಿಕೊಳ್ಳುವ ವಸ್ತುಗಳು. ಡಿಸೆಂಬರ್ ಬೆಳಗಿನ ಜಾವ ಚಳಿ 20 ಡಿಗ್ರಿಗಿಂತ ಕೆಳಗಿಳಿದಾಗ ನಿಯೋಪೆಂಟೇನ್ ಮಾತ್ರ ಅನಿಲ, ಉಳಿದೆರಡು ದ್ರವ. ಬಿಸಿಲೇರಿ 32 ಡಿಗ್ರಿ ಮುಟ್ಟಿದಾಗ ಐಸೊಪೆಂಟೇನ್ ಕೂಡ ಕುದಿದು ಅನಿಲವಾಗುತ್ತದೆ. ಮೇ ತಿಂಗಳಲ್ಲಿ 40 ದಾಟಿತು ಅಂದರೆ ಮುಗೀತು, ಮೂರರಲ್ಲಿ ಒಂದೂ ದ್ರವವಾಗಿ ಉಳಿಯುವುದಿಲ್ಲ. ಬಳ್ಳಾರಿಯಲ್ಲಿ ಇಟ್ಟರೂ ಇದೇ ಕಥೆ.

ಯಾಕೆ ಹೀಗೆ? ಅಣುಗಳ ನಡುವೆ ತೀರಾ ಮೆಲುವಾದ ಒಂದು ಸೆಳೆತ ಇರುತ್ತದೆ. ಒಂದರ ಮೈ ಇನ್ನೊಂದಕ್ಕೆ ಎಷ್ಟು ತಾಗುತ್ತದೋ ಸೆಳೆತ ಅಷ್ಟು ಜಾಸ್ತಿ. ಉದ್ದನೆಯ ಅಣುಗಳು ಪಕ್ಕಪಕ್ಕ ಮಲಗಿ ಉದ್ದಕ್ಕೂ ತಾಗಿಕೊಳ್ಳುತ್ತವೆ. ಕವಲು ಜಾಸ್ತಿಯಾದಂತೆ ಅಣು ಗುಂಡಗಾಗುತ್ತದೆ, ತಾಗುವ ಜಾಗ ಕಡಿಮೆಯಾಗುತ್ತದೆ, ಬಿಡಿಸಿಕೊಂಡು ಹಾರಿಹೋಗಲು ಕಡಿಮೆ ಶಾಖ ಸಾಕು. ಹೆಪ್ಪುಗಟ್ಟುವ ವಿಷಯದಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಗುಂಡನೆಯ ಅಣುಗಳು ಘನರೂಪದಲ್ಲಿ ಒತ್ತಾಗಿ, ಅಚ್ಚುಕಟ್ಟಾಗಿ ಕೂರುವುದರಿಂದ ನಿಯೋಪೆಂಟೇನ್ ಸೊನ್ನೆಗಿಂತ ಸುಮಾರು 17 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಎನ್-ಪೆಂಟೇನ್ ಗಟ್ಟಿಯಾಗಲು ಸೊನ್ನೆಗಿಂತ 130 ಡಿಗ್ರಿ ಕೆಳಗೆ ಹೋಗಬೇಕು.

ಫ್ರಿಜ್ಜಿನ ಚೀಟಿಯ ಗುಟ್ಟೂ ಇದೇ. ನೇರ ಸಾಲಿನ ಬ್ಯೂಟೇನ್ ಸೊನ್ನೆಯ ಹತ್ತಿರವೇ ಕುದಿಯುತ್ತದೆ, ಐಸೊಬ್ಯೂಟೇನ್ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ, ಫ್ರಿಜ್ ತಂಪಾಗುವುದೇ ಹಾಗೆ. ತಣ್ಣನೆಯ ಕೊಳವೆಯೊಳಗೂ ಸಲೀಸಾಗಿ ಆವಿಯಾಗುವ ಸಮಾಂಗಿ ಅಲ್ಲಿಗೆ ಅನುಕೂಲ. ಬೆಂಕಿ ಹತ್ತುವ ಗುಣ ಎರಡಕ್ಕೂ ಇದೆ, ಅದಕ್ಕೇ ಆ ಗುರುತು. ಮನೆಬಳಕೆಯ ಫ್ರಿಜ್ಜಿನಲ್ಲಿ ಇರುವ ಗ್ಯಾಸ್ ಕೆಲವೇ ಹತ್ತು ಗ್ರಾಂ.

ಹುಡುಕುವ ಕ್ರಮ: ಹೆಕ್ಸೇನ್ ಹಿಡಿದು ನೋಡೋಣ

ಹೆಕ್ಸೇನ್ ನಮ್ಮ ಕಡೆಗೆ ಹೊರಗಿನದೇನಲ್ಲ. ಗಂಗಾವತಿ, ಸಿಂಧನೂರು ಅಂದರೆ ಭತ್ತ, ಭತ್ತ ಅಂದರೆ ರೈಸ್ ಮಿಲ್ಲು, ಮಿಲ್ಲಿನಲ್ಲಿ ಅಕ್ಕಿಯ ಜೊತೆಗೆ ಬರುವುದು ತೌಡು. ತೌಡಿನಿಂದ ಎಣ್ಣೆ ತೆಗೆಯಲು ಗಾಣಕ್ಕೆ ಹಾಕಿ ಹಿಂಡಿದರೆ ಸಾಲದು. ಅದಕ್ಕೆ ಹೆಕ್ಸೇನ್ ಹಾಯಿಸುತ್ತಾರೆ. ಎಣ್ಣೆ ಅದರಲ್ಲಿ ಕರಗಿ ಬರುತ್ತದೆ. ಆಮೇಲೆ ಕಾಯಿಸಿದರೆ ಹೆಕ್ಸೇನ್ ಆವಿಯಾಗಿ ಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಆ ಆವಿಯನ್ನು ತಣಿಸಿ ಮತ್ತೆ ಬಳಸುತ್ತಾರೆ. ಕಾರ್ಖಾನೆಗೆ ಬರುವ ಹೆಕ್ಸೇನ್ ಶುದ್ಧವಾದ ಒಂದೇ ವಸ್ತುವಲ್ಲ, ನೇರ ಸಾಲಿನ ಹೆಕ್ಸೇನ್ ಜೊತೆ ಅದರ ಕವಲಿನ ಸಮಾಂಗಿಗಳೂ ಬೆರೆತಿರುತ್ತವೆ. ಎಷ್ಟು ಸಮಾಂಗಿ ಇರಬಹುದು?

ಉದ್ದನೆಯ ಸಾಲಿನಿಂದ ಶುರು ಮಾಡಬೇಕು. ಪ್ರತಿ ಸುತ್ತಿನಲ್ಲೂ ಸಾಲಿನಿಂದ ಒಂದೊಂದು ಕಾರ್ಬನ್ ಕಿತ್ತು ಕವಲು ಮಾಡಬೇಕು. ಹೈಡ್ರೋಜನ್ ಬರೆಯುತ್ತಾ ಕೂರಬೇಡಿ. ಮೊದಲು ಬರೀ ಕಾರ್ಬನ್ ಅಸ್ಥಿಪಂಜರ, ಹೈಡ್ರೋಜನ್ ಕೊನೆಗೆ ತುಂಬಿದರಾಯಿತು.

ಆರೂ ಒಂದೇ ಸಾಲಿನಲ್ಲಿ: 1–2–3–4–5–6. ಇದೊಂದು.

ಈಗ ಐದರ ಸಾಲು, ಒಂದು ಕವಲು. ಕವಲನ್ನು 1ಕ್ಕೆ ಅಂಟಿಸಿದರೆ ಸಾಲೇ ಆರು ಆಗಿಬಿಡುತ್ತದೆ. ಮೂಲೆಯಲ್ಲಿ ಮಡಚಿ ಬರೆದಿದ್ದೀರಿ ಅಷ್ಟೇ, ವಸ್ತು ಹಳೆಯದೇ. 2ಕ್ಕೆ ಅಂಟಿಸಿದರೆ ಹೊಸದು. 3ಕ್ಕೆ ಅಂಟಿಸಿದರೆ ಅದೂ ಹೊಸದು. 4ಕ್ಕೆ ಅಂಟಿಸಿದರೆ? ಕಾಗದವನ್ನು ಎಡದಿಂದ ಬಲಕ್ಕೆ ತಿರುಗಿಸಿ ನೋಡಿ, 4 ಅನ್ನುವುದು ಆ ತುದಿಯಿಂದ 2. ಆಗಲೇ ಬರೆದದ್ದು. ಕವಲನ್ನು ಮೇಲಕ್ಕೆ ಬರೆದರೂ ಕೆಳಕ್ಕೆ ಬರೆದರೂ ಒಂದೇ. ಏಕಬಂಧದ ಸುತ್ತ ಅಣು ತಿರುಗುತ್ತಲೇ ಇರುತ್ತದೆ, ಅದಕ್ಕೆ ಮೇಲು ಕೆಳಗು ಗೊತ್ತಿಲ್ಲ. ಈ ಸುತ್ತಿನಲ್ಲಿ ಸಿಕ್ಕಿದ್ದು ಎರಡು.

ನಾಲ್ಕರ ಸಾಲು, ಎರಡು ಕವಲು. ತುದಿಗಳನ್ನು ಬಿಟ್ಟರೆ ಇರುವ ಜಾಗ 2 ಮತ್ತು 3. ಎರಡನ್ನೂ 2ಕ್ಕೇ ಅಂಟಿಸಬಹುದು, ಅಥವಾ 2ಕ್ಕೊಂದು 3ಕ್ಕೊಂದು ಹಂಚಬಹುದು. ಎರಡನ್ನೂ 3ಕ್ಕೆ ಅಂಟಿಸಿದರೆ ತಿರುಗಿಸಿದಾಗ ಮೊದಲನೆಯದೇ. ಎರಡು ಕಾರ್ಬನ್‌ನ ಒಂದೇ ಉದ್ದ ಕವಲನ್ನು 2ಕ್ಕೆ ಅಂಟಿಸಿದರೆ ಹೇಗೆ ಅಂತ ಕೆಲವರಿಗೆ ಅನಿಸುತ್ತದೆ. ಅಂಟಿಸಿ, ಎಣಿಸಿ: ಕವಲಿನ ತುದಿಯಿಂದ ಸಾಲಿನ ಆ ಕಡೆಯ ತುದಿಯವರೆಗೆ ಐದು ಕಾರ್ಬನ್ ಆಗುತ್ತದೆ. ಅಂದರೆ ನಾಲ್ಕರ ಸಾಲು ಅಂದುಕೊಂಡದ್ದೇ ತಪ್ಪು, ಅದು ಐದರ ಸಾಲಿನ 3ಕ್ಕೆ ಕವಲಿರುವ ಹಳೆಯ ವಸ್ತು. ಇಲ್ಲೂ ಹೊಸದು ಎರಡೇ.

ಮೂರರ ಸಾಲಿಗೆ ಮೂರು ಕವಲು ಹಾಕಲು ಜಾಗ ಇಲ್ಲ. ನಡುವಿನ ಕಾರ್ಬನ್‌ಗೆ ಇನ್ನೆರಡೇ ಬಂಧ ಉಳಿದಿರುತ್ತದೆ. ಅಲ್ಲಿಗೆ ನಿಂತಿತು. ಒಟ್ಟು 5.

ಹೆಸರಿಡುವುದು: ಮೇನ್ ರೋಡ್ ಮತ್ತು ಕ್ರಾಸ್

ಊರಿನ ಬಡಾವಣೆಯಲ್ಲಿ ವಿಳಾಸ ಹೇಳುವಾಗ ಏನು ಮಾಡುತ್ತೇವೆ? ಮೊದಲು ಮೇನ್ ರೋಡ್ ಹೆಸರು, ಆಮೇಲೆ ಎಷ್ಟನೇ ಕ್ರಾಸ್ ಅನ್ನುವುದು. ಆಲ್ಕೇನ್ ಹೆಸರೂ ಒಂದು ವಿಳಾಸವೇ. ಅಣುವಿನಲ್ಲಿ ಸಿಗುವ ಅತಿ ಉದ್ದದ ಕಾರ್ಬನ್ ಸಾಲು ಮೇನ್ ರೋಡ್, ಕವಲುಗಳೆಲ್ಲ ಕ್ರಾಸ್. ರೋಡು ನೇರವಾಗಿಯೇ ಇರಬೇಕು ಅಂತೇನಿಲ್ಲ. ಎಲ್ಲೆಲ್ಲಿ ಮಡಚಿದ್ದರೂ, ಬೆರಳು ಎತ್ತದೆ ಹೋಗಬಹುದಾದ ಅತಿ ಉದ್ದದ ದಾರಿಯೇ ಮೇನ್ ರೋಡ್. ಉದ್ದದಲ್ಲಿ ಎರಡು ದಾರಿ ಸಮ ಬಂದರೆ ಕ್ರಾಸ್ ಜಾಸ್ತಿ ಇರುವುದನ್ನು ಹಿಡಿಯಬೇಕು.

ರೋಡಿನಲ್ಲಿ ಎಷ್ಟು ಕಾರ್ಬನ್ ಇವೆಯೋ ಹೆಸರಿನ ಕೊನೆ ಅದೇ. ಐದಿದ್ದರೆ ಪೆಂಟೇನ್. ಅಣುವಿನಲ್ಲಿ ಒಟ್ಟು ಎಂಟು ಕಾರ್ಬನ್ ಇದ್ದರೂ ರೋಡಿನಲ್ಲಿ ಐದೇ ಇದ್ದರೆ ಹೆಸರು ಪೆಂಟೇನ್ ಅಂತಲೇ ಮುಗಿಯುತ್ತದೆ. ಮಕ್ಕಳು ಗೊಂದಲಕ್ಕೆ ಬೀಳುವ ಜಾಗ ಇದು.

ಯಾವ ತುದಿಯಿಂದ ಎಣಿಸಬೇಕು? ಮೊದಲ ಕ್ರಾಸ್ ಬೇಗ ಸಿಗುವ ತುದಿಯಿಂದ. ಎರಡೂ ಕಡೆ ಮೊದಲ ಕ್ರಾಸ್ ಒಂದೇ ನಂಬರಿಗೆ ಬಂದರೆ ಎರಡನೆಯದನ್ನು ಹೋಲಿಸಬೇಕು, ಅಲ್ಲೂ ಸಮವಾದರೆ ಮೂರನೆಯದು. ಎಲ್ಲಿ ಮೊದಲು ವ್ಯತ್ಯಾಸ ಬರುತ್ತದೋ ಅಲ್ಲಿ ಸಣ್ಣ ಸಂಖ್ಯೆ ಕೊಟ್ಟ ತುದಿ ಗೆಲ್ಲುತ್ತದೆ. ಸಂಖ್ಯೆಗಳನ್ನು ಕೂಡಿ, ಮೊತ್ತ ಯಾವುದು ಕಡಿಮೆಯೋ ಅದು ಸರಿ ಅಂತ ಕೆಲವು ಕಡೆ ಹೇಳಿಕೊಡುತ್ತಾರೆ. ಬಹಳ ಸಲ ಉತ್ತರ ಸರಿಯೇ ಬರುತ್ತದೆ, ಆದರೆ ನಿಯಮ ಅದಲ್ಲ. ಹತ್ತು ಕಾರ್ಬನ್ ಸಾಲಿನಲ್ಲಿ ಒಂದು ತುದಿಯಿಂದ 2,7,8ರಲ್ಲಿ ಕವಲಿದ್ದರೆ ಇನ್ನೊಂದು ತುದಿಯಿಂದ ಅದು 3,4,9. ಮೊತ್ತ 17 ಮತ್ತು 16. ಮೊತ್ತ ನೋಡಿದವರು ಎರಡನೆಯದನ್ನು ಬರೆಯುತ್ತಾರೆ. ಸರಿಯಾದದ್ದು 2,7,8, ಯಾಕಂದರೆ ಮೊದಲ ಸಂಖ್ಯೆಯಲ್ಲೇ 2 ಗೆದ್ದಿದೆ.

ಕವಲಿಗೆ ಹೆಸರು ಅದರಲ್ಲಿರುವ ಕಾರ್ಬನ್ ಎಣಿಸಿ. ಒಂದಿದ್ದರೆ ಮೀಥೈಲ್, ಎರಡಿದ್ದರೆ ಈಥೈಲ್, ಮೂರರ ನೇರ ಕವಲು ಪ್ರೊಪೈಲ್. ಒಂದೇ ಥರದ ಕವಲು ಎರಡಿದ್ದರೆ ಡೈ, ಮೂರಿದ್ದರೆ ಟ್ರೈ, ನಾಲ್ಕಿದ್ದರೆ ಟೆಟ್ರಾ. ಒಂದೇ ಕಾರ್ಬನ್‌ಗೆ ಎರಡು ಮೀಥೈಲ್ ಅಂಟಿದ್ದರೂ ನಂಬರ್ ಎರಡು ಸಲ ಬರೆಯಲೇಬೇಕು: 2,2-ಡೈಮೀಥೈಲ್. ಸಂಖ್ಯೆ ಸಂಖ್ಯೆಯ ನಡುವೆ ಅಲ್ಪವಿರಾಮ, ಸಂಖ್ಯೆ ಅಕ್ಷರದ ನಡುವೆ ಅಡ್ಡಗೆರೆ. ಬೇರೆ ಬೇರೆ ಕವಲಿದ್ದರೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರೆಯಬೇಕು, ಡೈ ಟ್ರೈಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಈಥೈಲ್ ಮೊದಲು, ಮೀಥೈಲ್ ಆಮೇಲೆ. ಅದೃಷ್ಟಕ್ಕೆ ಕನ್ನಡ ವರ್ಣಮಾಲೆಯಲ್ಲೂ ಇವೆರಡರ ಕ್ರಮ ಹಾಗೇ ಇದೆ.

ಈಗ ಹೆಕ್ಸೇನ್‌ನ ಐದಕ್ಕೂ ಹೆಸರು ತಾನಾಗಿಯೇ ಬರುತ್ತದೆ, ಜೊತೆಗೆ ಕುದಿಯುವ ಬಿಂದುವನ್ನೂ ನೋಡಿ. ಹೆಕ್ಸೇನ್ 69 ಡಿಗ್ರಿ. 3-ಮೀಥೈಲ್‌ಪೆಂಟೇನ್ 63, 2-ಮೀಥೈಲ್‌ಪೆಂಟೇನ್ 60. 2,3-ಡೈಮೀಥೈಲ್‌ಬ್ಯೂಟೇನ್ 58, 2,2-ಡೈಮೀಥೈಲ್‌ಬ್ಯೂಟೇನ್ 50. ಕವಲು ಹೆಚ್ಚಿದಂತೆ ಇಳಿಯುವುದು ಇಲ್ಲೂ ಕಾಣುತ್ತದೆ. ಫ್ರಿಜ್ಜಿನ ಐಸೊಬ್ಯೂಟೇನ್‌ನ ಸರಿಯಾದ ವಿಳಾಸ 2-ಮೀಥೈಲ್‌ಪ್ರೊಪೇನ್. ಹೀಗೆ ಹೆಸರಿಡುವ ಪದ್ಧತಿಗೆ ಬುನಾದಿ ಬಿದ್ದದ್ದು 1892ರಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ. ಈಗ ಅದನ್ನು ನೋಡಿಕೊಳ್ಳುವುದು ಐಯುಪಿಎಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆ.

ಹೆಸರೇ ಕಳ್ಳನನ್ನು ಹಿಡಿಯುತ್ತದೆ

ಎರಡು ಚಿತ್ರ ಬೇರೆ ಬೇರೆ ಕಾಣುತ್ತಿವೆ, ವಸ್ತು ಒಂದೇನಾ ಎರಡಾ ಅಂತ ಅನುಮಾನ ಬಂದರೆ ದಿಟ್ಟಿಸಿ ನೋಡುತ್ತಾ ಕೂರುವುದು ದಂಡ. ಎರಡಕ್ಕೂ ನಿಯಮದ ಪ್ರಕಾರ ಹೆಸರಿಡಿ. ಹೆಸರು ಒಂದೇ ಬಂದರೆ ವಸ್ತು ಒಂದೇ. ತಪ್ಪು ಹೆಸರುಗಳೂ ತಮ್ಮ ಕಥೆ ತಾವೇ ಹೇಳುತ್ತವೆ. ‘1-ಮೀಥೈಲ್’ ಅಂತ ಬಂದರೆ ತುದಿಗೆ ಅಂಟಿಸಿದ್ದೀರಿ, ರೋಡು ಇನ್ನೂ ಉದ್ದ ಇದೆ. ‘2-ಈಥೈಲ್’ ಅಂತ ಬಂದರೂ ಅದೇ ರೋಗ: ‘2-ಈಥೈಲ್‌ಬ್ಯೂಟೇನ್’ ಅನ್ನುವುದು ನಿಜವಾಗಿ 3-ಮೀಥೈಲ್‌ಪೆಂಟೇನ್. ‘4-ಮೀಥೈಲ್‌ಪೆಂಟೇನ್’ ಅಂದರೆ ತಪ್ಪು ತುದಿಯಿಂದ ಎಣಿಸಿದ 2-ಮೀಥೈಲ್‌ಪೆಂಟೇನ್. ‘2-ಈಥೈಲ್-2-ಮೀಥೈಲ್‌ಪ್ರೊಪೇನ್’ ನೋಡಲು ಘನವಾಗಿದೆ, ಬಿಡಿಸಿದರೆ 2,2-ಡೈಮೀಥೈಲ್‌ಬ್ಯೂಟೇನ್. ಮೀಥೈಲ್ 2ರಿಂದ ಶುರುವಾಗಬೇಕು, ಈಥೈಲ್ 3ರಿಂದ. ಈ ಒಂದು ಗುರುತು ಇಟ್ಟುಕೊಂಡರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪೆಟ್ರೋಲ್ ಬಂಕಿನ ಆಕ್ಟೇನ್

ಬಂಕಿನಲ್ಲಿ 95 ಆಕ್ಟೇನ್, 100 ಆಕ್ಟೇನ್ ಅನ್ನುವ ಮಾತು ಕೇಳಿರುತ್ತೀರಿ. ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಬೇಕಾದ ಕ್ಷಣ ಬಿಟ್ಟು ತಾನಾಗಿಯೇ ಹೊತ್ತಿಕೊಂಡರೆ ಟಕಟಕ ಬಡಿದ ಸದ್ದು ಬರುತ್ತದೆ. ಅದನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ ಆ ಸಂಖ್ಯೆ. 1920ರ ದಶಕದಲ್ಲಿ ಅಳತೆಗೋಲು ಮಾಡುವಾಗ ಎರಡು ಆಲ್ಕೇನ್ ಆರಿಸಿದರು. ನೇರ ಸಾಲಿನ ಹೆಪ್ಟೇನ್ ಕೆಟ್ಟದಾಗಿ ಬಡಿಯುತ್ತದೆ, ಅದಕ್ಕೆ ಸೊನ್ನೆ. 2,2,4-ಟ್ರೈಮೀಥೈಲ್‌ಪೆಂಟೇನ್ ಚೆನ್ನಾಗಿ ತಡೆಯುತ್ತದೆ, ಅದಕ್ಕೆ 100. ಇದರದೇ ರೂಢಿಯ ಹೆಸರು ಐಸೊಆಕ್ಟೇನ್. 95 ಅಂದರೆ, 95 ಭಾಗ ಐಸೊಆಕ್ಟೇನ್ ಮತ್ತು 5 ಭಾಗ ಹೆಪ್ಟೇನ್ ಬೆರೆಸಿದರೆ ಹೇಗೋ ಈ ಪೆಟ್ರೋಲೂ ಹಾಗೆ ಅಂತ. ಎಂಟು ಕಾರ್ಬನ್ ನೇರ ಸಾಲಿನಲ್ಲಿರುವ ಅಸಲಿ ಆಕ್ಟೇನ್ ಇದೆಯಲ್ಲ, ಅದು ಹೆಪ್ಟೇನ್‌ಗಿಂತಲೂ ಕಡೆ, ಸೊನ್ನೆಗಿಂತ ಕೆಳಗೆ. ಬಂಕಿನಲ್ಲಿ ಹೆಸರು ಮಾಡಿದ್ದು ಅದರ ಕವಲಿನ ಸಮಾಂಗಿ.

ಈ ಹೆಸರಿನಲ್ಲಿ 2,4,4 ಅಂತ ಯಾಕೆ ಬರೆಯುವುದಿಲ್ಲ? ಎರಡೂ ತುದಿಯಿಂದ ಮೊದಲ ಸಂಖ್ಯೆ 2. ಎರಡನೆಯದು ಒಂದು ಕಡೆ 2, ಇನ್ನೊಂದು ಕಡೆ 4. ಅಲ್ಲಿಗೆ ತೀರ್ಮಾನ.

ಕಾರ್ಬನ್ ಹೆಚ್ಚಿದಂತೆ

ಬ್ಯೂಟೇನ್‌ಗೆ 2, ಪೆಂಟೇನ್‌ಗೆ 3, ಹೆಕ್ಸೇನ್‌ಗೆ 5, ಹೆಪ್ಟೇನ್‌ಗೆ 9, ಆಕ್ಟೇನ್‌ಗೆ 18, ನೋನೇನ್‌ಗೆ 35, ಡೆಕೇನ್‌ಗೆ 75. 20 ಕಾರ್ಬನ್‌ಗೆ ಬಂದರೆ 3,66,319. ಸಂಖ್ಯೆ ಹಾಕಿದರೆ ಉತ್ತರ ಕೊಡುವ ಸರಳ ಸೂತ್ರ ಇದಕ್ಕೆ ಇಲ್ಲ. ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1870ರ ದಶಕದಲ್ಲಿ ಇದನ್ನು ಎಣಿಸಲು ಕೂತು, 12 ಮತ್ತು 13 ಕಾರ್ಬನ್‌ಗೆ ಲೆಕ್ಕ ತಪ್ಪಿದರು. ಕೈಯಲ್ಲಿ ಎಣಿಸುವ ಮಕ್ಕಳು ಒಂದೆರಡು ತಪ್ಪಿದರೆ ಬೈಯಬೇಕಿಲ್ಲ ಅಲ್ವಾ? ಇಲ್ಲಿ ಒಂದು ಮಾತು: ಈ ಎಣಿಕೆಯಲ್ಲಿ ಯಾವುದು ಯಾವುದಕ್ಕೆ ಅಂಟಿದೆ ಅನ್ನುವುದಷ್ಟೇ ಲೆಕ್ಕ. ಕನ್ನಡಿಯ ಬಿಂಬದಂತೆ ಎಡ ಬಲ ಬದಲಾದ ರೂಪಗಳನ್ನು ಬೇರೆ ಅಂತ ಹಿಡಿದಿಲ್ಲ, ಆ ಪಾಠ ಮುಂದೆ ಬರುತ್ತದೆ.

ಅಭ್ಯಾಸಕ್ಕೆ ಹೆಪ್ಟೇನ್ ಒಳ್ಳೆಯದು. ಏಳರ ಸಾಲು ಒಂದು. ಆರರ ಸಾಲಿಗೆ ಮೀಥೈಲ್ ಇಟ್ಟರೆ 2 ಮತ್ತು 3, ಹೀಗೆ ಎರಡು. ಐದರ ಸಾಲಿಗೆ ಎರಡು ಮೀಥೈಲ್ ಹಾಕಿದರೆ 2,2; 2,3; 2,4; 3,3; ಹೀಗೆ ನಾಲ್ಕು. ಅದೇ ಐದರ ಸಾಲಿಗೆ ಈಥೈಲ್ ಒಂದನ್ನೇ ಹಾಕಿದರೆ 3-ಈಥೈಲ್‌ಪೆಂಟೇನ್, ಜಾಸ್ತಿ ಜನ ಮರೆಯುವುದು ಇದನ್ನೇ. ನಾಲ್ಕರ ಸಾಲಿಗೆ ಮೂರು ಮೀಥೈಲ್ ಹಾಕಿದರೆ 2,2,3 ಒಂದೇ. ಅಲ್ಲಿಗೆ ಒಂಬತ್ತು. ನಿಮ್ಮ ಪಟ್ಟಿಯಲ್ಲಿ ಹತ್ತು ಬಂದಿದ್ದರೆ ಮೊದಲು ‘2-ಈಥೈಲ್‌ಪೆಂಟೇನ್’ ಇದೆಯಾ ನೋಡಿ. ಇದ್ದರೆ ಅದರ ಮೇಲೆ ಬೆರಳಿಟ್ಟು ಉದ್ದದ ದಾರಿ ಎಣಿಸಿ: ಆರು ಕಾರ್ಬನ್, ಮೂರನೆಯದಕ್ಕೆ ಮೀಥೈಲ್. ಅದು ಆಗಲೇ ಬರೆದಿರುವ 3-ಮೀಥೈಲ್‌ಹೆಕ್ಸೇನ್.